ಸೆಕ್ಟ್ ಎಂಬ ಪದ, ಅತ್ತೆಯ ಏಕಾದಶಿ

ಹನ್ನೊಂದು ವರ್ಷ ನಾನು ಒಂದು ತಪ್ಪನ್ನು ಬಹಳ ಚೆನ್ನಾಗಿ ಪಾಠ ಮಾಡಿದೆ. ತಿರುವನಂತಪುರದ ಶ್ರೀಕಾರ್ಯಂ ಕಡೆಯ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಇಂಗ್ಲಿಷ್ ಕ್ಲಾಸೆಂದರೆ ಅವರಿಗೆ ಊಟವಾದ ಮೇಲಿನ ನಿದ್ದೆಯ ಹೊತ್ತು. ಅವರನ್ನು ಎಚ್ಚರವಾಗಿಡಲು ಪದಗಳ ಹುಟ್ಟಿನ ಕಥೆ ಹೇಳುತ್ತಿದ್ದೆ. ಅದರಲ್ಲಿ ನನ್ನ ಮೆಚ್ಚಿನ ಪದ ‘ಸೆಕ್ಟ್’. ಒಂದೇ ಧರ್ಮದೊಳಗೆ ಬೇರೆಯಾಗಿ ನಿಂತ ಪಂಗಡಕ್ಕೆ ಇಂಗ್ಲಿಷಿನವರು ಹೇಳುವ ಮಾತು. ಬೋರ್ಡಿನ ಮೇಲೆ ‘ಸೆಕ್ಷನ್’, ‘ಡಿಸೆಕ್ಷನ್’, ‘ಇನ್ಸೆಕ್ಟ್’ ಎಂದು ಸಾಲಾಗಿ ಬರೆದು, ಇವೆಲ್ಲ ಲ್ಯಾಟಿನ್ನಿನ ಕತ್ತರಿಸುವ ಧಾತುವಿನಿಂದ ಬಂದವು, ಸೆಕ್ಟ್ ಎಂದರೆ ಕತ್ತರಿಸಿದ ತುಂಡು ಎಂದು ಹೇಳಿ, ಕೈಯಲ್ಲಿದ್ದ ಸೀಮೆಸುಣ್ಣವನ್ನು ಟಪ್ಪೆಂದು ಎರಡು ಮಾಡಿ ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ನನಗೆ ಅಷ್ಟೇ ಬೇಕಾಗಿತ್ತು.

ಆ ಪದದ ಮೇಲೆ ಅಷ್ಟು ಪ್ರೀತಿ ಬರಲು ಕಾರಣ ನಮ್ಮ ಮನೆಯಲ್ಲೇ ಇತ್ತು. ನಾನು ಕಾಸರಗೋಡು ಕಡೆಯ ಸ್ಮಾರ್ತರ ಮನೆಯವಳು. ನಮ್ಮವರು ಮೈಸೂರಿನ ಮಾಧ್ವರು, ತಿರುವನಂತಪುರದ ಒಂದು ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಅಕ್ಕಪಕ್ಕದ ಮಲಯಾಳಿಗಳ ಕಣ್ಣಿಗೆ ನಾವಿಬ್ಬರೂ ಒಂದೇ: ಕನ್ನಡ ಮಾತಾಡುವ, ಮೀನು ತಿನ್ನದ ಜನ. ಒಳಗೆ ಬಂದರೆ ಗೊತ್ತಾಗುತ್ತಿತ್ತು, ಹಣೆಗಿಡುವುದು ಬೇರೆ, ಉಪವಾಸ ಬೇರೆ, ದೇವರ ಮುಂದೆ ಮೊದಲು ಯಾರ ಹೆಸರು ಎನ್ನುವುದೂ ಬೇರೆ. ನಾನು ಸೆಕ್ಟ್ ಅಂದರೆ ತುಂಡು ಎಂದು ಹೇಳಿದಾಗ ನಮ್ಮವರು ಪತ್ರಿಕೆಯಿಂದ ಕಣ್ಣು ತೆಗೆಯದೆ, ‘ಹಾಗಾದ್ರೆ ದೊಡ್ಡ ತುಂಡು ನಿಂಗೇ ಸಿಕ್ತು ಬಿಡು’ ಎಂದಿದ್ದರು.

ಅತ್ತೆ ಮಾತ್ರ ಇದನ್ನು ತಮಾಷೆಯಾಗಿ ತೆಗೆದುಕೊಂಡವರಲ್ಲ. ಅವರು ಕೊಚ್ಚಿಯಲ್ಲಿ, ಕಲೂರಿನ ಒಂದು ಫ್ಲಾಟಿನಲ್ಲಿ, ಕಿರಿಯ ಮಗನ ಮನೆಯಲ್ಲಿದ್ದರು. ಆ ಮೈದುನ ಕಳಮಶ್ಶೇರಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಅತ್ತೆ ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುವಾಗ ತಮ್ಮದೇ ಸಣ್ಣ ಸ್ಟವ್ವು, ತಮ್ಮದೇ ಎರಡು ಪಾತ್ರೆ ತರುತ್ತಿದ್ದರು. ಮಾಧ್ವರಲ್ಲಿ ಮಠದ ಸ್ವಾಮಿಗಳು ಶಂಖ ಚಕ್ರದ ಮುದ್ರೆಯನ್ನು ಬಿಸಿ ಮಾಡಿ ತೋಳಿಗೆ ಒತ್ತುವ ಪದ್ಧತಿ ಇದೆ. ನಾನು ಅದಕ್ಕೆ ಒಪ್ಪಲಿಲ್ಲ, ನಮ್ಮವರು ಒತ್ತಾಯಿಸಲಿಲ್ಲ. ‘ಬೇಜಾರು ಮಾಡ್ಕೋಬೇಡಮ್ಮಾ, ನಿಂಗೆ ಮುದ್ರೆ ಆಗಿಲ್ಲವಲ್ಲ’ ಎಂದು ನಯವಾಗಿ ಹೇಳಿ, ಹದಿನೆಂಟು ವರ್ಷ ನನ್ನ ಕೈಯ ಒಂದು ತುತ್ತನ್ನೂ ಅವರು ಬಾಯಿಗೆ ಹಾಕಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇರುತ್ತದೆಯೇ? ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನಯವಾಗಿ ಹೇಳಿದವರಿಗೆ ಏನೆನ್ನುವುದು?

ತಿಂಗಳಿಗೆರಡು ಏಕಾದಶಿ. ಎರಡು ದಿನವೂ ನಮ್ಮವರು ಆಫೀಸಿಗೆ ಹೊರಡುವ ಮುಂಚೆ ಕೊಚ್ಚಿಯಿಂದ ಫೋನ್ ಬರುತ್ತಿತ್ತು. ‘ಉಪವಾಸ ತಾನೇ?’ ಎಂದು ಅತ್ತೆ. ‘ಹೌದಮ್ಮಾ, ಬರೀ ನೀರು’ ಎಂದು ಇವರು, ಮುಂದೆ ತಟ್ಟೆ ಇಟ್ಟುಕೊಂಡು. ನಾನು ಕಣ್ಣು ಕೆಕ್ಕರಿಸಿ ನೋಡುತ್ತಿದ್ದೆ. ರಾಕೆಟ್ಟಿನ ಲೆಕ್ಕ ಮಾಡುವ ಮನುಷ್ಯ, ತಲೆ ನರೆತಿದೆ, ಹೆತ್ತ ತಾಯಿಗೆ ಹೀಗೆ ಸುಳ್ಳು ಹೇಳುವುದೇ! ಕೇಳಿದರೆ, ‘ಅವಳಿಗೆ ಸಂತೋಷ, ನಂಗೆ ತಿಂಡಿ. ನಿನ್ನ ಗಂಟೇನು ಹೋಯ್ತು?’ ಎನ್ನುತ್ತಿದ್ದರು.

ಒಂದು ಮಾಘ ಮಾಸದ ಶುಕ್ಲ ಏಕಾದಶಿಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಆಫೀಸಿನ ಮೀಟಿಂಗಿನಲ್ಲಿ ಮೇಜಿಗೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಹೃದಯ. ಅವತ್ತೂ ಬೆಳಿಗ್ಗೆ ಕೊಚ್ಚಿಯಿಂದ ಫೋನ್ ಬಂದಿತ್ತು, ಅವತ್ತೂ ಅದೇ ‘ಬರೀ ನೀರು’ ಉತ್ತರ ಹೋಗಿತ್ತು. ನಾನು ಬಡಿಸಿದ್ದನ್ನು ತಿಂದೇ ಅವರು ಮನೆಯಿಂದ ಹೊರಟಿದ್ದರು. ಅದು ಗೊತ್ತಿದ್ದವಳು ನಾನೊಬ್ಬಳೇ. ಮಗಳು ಅಷ್ಟು ಹೊತ್ತಿಗೆ ಸ್ಕೂಲ್ ಬಸ್ ಹತ್ತಿಯಾಗಿತ್ತು.

ಸಾವಿನ ಮನೆಗೆ ಬಂದ ಅತ್ತೆಯ ಕಡೆಯವರೆಲ್ಲ ಒಂದೇ ಮಾತು ಹಿಡಿದರು. ಏಕಾದಶಿ, ಅದರಲ್ಲೂ ಉಪವಾಸದಲ್ಲಿದ್ದಾಗ ಪ್ರಾಣ ಹೋಯಿತು, ಎಂಥ ಪುಣ್ಯಾತ್ಮ, ನೇರ ವೈಕುಂಠ ಎಂದು. ಮಗನನ್ನು ಕಳೆದುಕೊಂಡ ಎಪ್ಪತ್ತೆಂಟರ ಮುದುಕಿಗೆ ಅಷ್ಟಾದರೂ ಆಸರೆ ಸಿಕ್ಕಿತಲ್ಲ ಎಂದು ನಾನು ಬಾಯಿ ಮುಚ್ಚಿಕೊಂಡೆ. ಅತ್ತೆ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹದಿಮೂರನೆಯ ದಿನ ಮೈದುನ ನನ್ನನ್ನು ಬಾಲ್ಕನಿಗೆ ಕರೆದು, ‘ಅತ್ತಿಗೆ, ಅಮ್ಮ ನಿಮ್ಮನ್ನ ಏನೋ ಕೇಳಬೇಕಂತೆ. ನಮ್ಮತ್ರ ಹೇಳ್ತಿಲ್ಲ’ ಎಂದ. ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ತಲೆನೋವೆಂದು ಹೇಳಿ ಕೋಣೆಗೆ ಹೋಗಿ ಮಲಗಿದೆ. ನಿಜ ಹೇಳಿದರೆ ಮಗನ ವೈಕುಂಠವನ್ನು ನಾನೇ ಕಿತ್ತುಕೊಂಡಂತೆ. ಸುಳ್ಳು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಇಡೀ ಒಂದು ವರ್ಷ ಅತ್ತೆಯ ಜೊತೆ ಒಬ್ಬಳೇ ಕೂರುವ ಪ್ರಸಂಗ ಬರದಂತೆ ನೋಡಿಕೊಂಡೆ.

ಆ ವರ್ಷದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಾನು ಅಳಲಿಲ್ಲ. ಅಳು ಬರಲಿಲ್ಲ ಎನ್ನುವುದೇ ಸರಿ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಯಾವಾಗ ಶುರುಮಾಡುತ್ತಾಳೋ ಎಂದು. ನಾನು ಕ್ಲಾಸಿಗೆ ಹೋದೆ, ಬಂದೆ. ಉತ್ತರಪತ್ರಿಕೆ ತಿದ್ದಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಮಗಳು ಹೇಳಿದ ಮೇಲೆ ಗೊತ್ತಾಗುತ್ತಿತ್ತು. ಅವಳು ಹುಟ್ಟಿ ಬೆಳೆದದ್ದೆಲ್ಲ ತಿರುವನಂತಪುರ, ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ. ‘ಊಟ ಸಾಕಾ?’ ಎಂದರೆ ‘ಮದಿ ಅಮ್ಮೇ’. ಆ ವರ್ಷ ಆ ‘ಮದಿ’ ಎಂಬ ಸಾಕು ಬಹಳ ಸಲ ಕೇಳಿಸಿತು. ಇವರ ಚಪ್ಪಲಿ ಬಾಗಿಲ ಪಕ್ಕದಲ್ಲೇ ಇತ್ತು. ದಾಟಿಕೊಂಡು ಓಡಾಡುತ್ತಿದ್ದೆ. ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ.

ಅಂಥ ದಿನಗಳಲ್ಲೇ ನನ್ನ ಸೀಮೆಸುಣ್ಣದ ಪಾಠಕ್ಕೂ ಏಟು ಬಿತ್ತು. ನಮ್ಮ ವಿಭಾಗದಲ್ಲಿ ನನಗಿಂತ ಹಿರಿಯರೊಬ್ಬರಿದ್ದರು, ಮಲಯಾಳಿ ಕ್ರಿಶ್ಚಿಯನ್ ಹೆಂಗಸು. ಅಲ್ಲಿ ಎಲ್ಲರೂ ಎಲ್ಲರಿಗೂ ಟೀಚರ್, ಅವರು ನನಗೆ ಟೀಚರ್, ನಾನು ಅವರಿಗೆ ಟೀಚರ್. ಒಂದು ದಿನ ನಾನು ಪಾಠ ಮಾಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿದ್ದು ಕೇಳಿಸಿಕೊಂಡಿದ್ದರು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕುಳಿತು, ‘ಟೀಚರೇ, ಅದು ತೆಟ್ಟಾಣಲ್ಲೋ’ ಎಂದರು. ಅದು ತಪ್ಪಲ್ಲವೇ ಎಂದು. ನಾನು ಒಪ್ಪಲಿಲ್ಲ. ಒಪ್ಪುವ ಜಾಯಮಾನವೇ ನನ್ನದಲ್ಲ. ಅವರು ಎದ್ದು ಹೋಗಿ, ಲೈಬ್ರರಿಯಿಂದ ಇಟ್ಟಿಗೆಯಂಥ ಒಂದು ನಿಘಂಟು ಹೊತ್ತು ತಂದು ನನ್ನ ಮುಂದೆ ಬಿಡಿಸಿಟ್ಟರು.

ಸೆಕ್ಟ್ ಬಂದದ್ದು ಕತ್ತರಿಸುವ ಧಾತುವಿನಿಂದ ಅಲ್ಲವೇ ಅಲ್ಲ. ಅದು ಹಿಂಬಾಲಿಸುವ ಧಾತು. ಮುಂದೆ ಒಬ್ಬರು ನಡೆದು ಹೋಗುತ್ತಾರೆ, ಹಿಂದೆ ಇನ್ನೊಬ್ಬರು ಹೋಗುತ್ತಾರೆ, ಹಾಗೆ ನಡೆದು ಸವೆದ ದಾರಿಗೆ ಲ್ಯಾಟಿನ್ನಿನಲ್ಲಿ ‘ಸೆಕ್ಟಾ’. ಆಮೇಲೆ ಆ ದಾರಿ ಹಿಡಿದ ಜನಕ್ಕೂ ಅದೇ ಹೆಸರು. ‘ಸೀಕ್ವೆನ್ಸ್’, ‘ಕಾನ್ಸಿಕ್ವೆನ್ಸ್’ ಅದರ ಒಡಹುಟ್ಟಿದವು. ಎರಡು ಧಾತುಗಳ ರೂಪ ಹತ್ತಿರವಿದ್ದುದರಿಂದ ಕತ್ತರಿಸುವ ಕಥೆಯನ್ನು ನನ್ನಂಥವರು ಆಮೇಲೆ ಅಂಟಿಸಿದ್ದು. ಇನ್ನೂ ಹಿಂದೆ ಹೋದರೆ ಸಂಸ್ಕೃತದಲ್ಲೂ ಅದಕ್ಕೊಂದು ದಾಯಾದಿ ಇತ್ತು, ಜೊತೆಗಿರು ಎಂಬ ಅರ್ಥದ ‘ಸಚ್’. ನಮ್ಮ ಸಚಿವ, ನಮ್ಮ ಸಖ ಆ ಮನೆಯವರು. ಯೋಚಿಸಿದರೆ ನಮ್ಮ ‘ಪಂಥ’ವೂ ದಾರಿಯೇ. ಕನ್ನಡದಲ್ಲಿ ಸರಿಯಾಗಿ ಇದ್ದದ್ದನ್ನು ಇಂಗ್ಲಿಷಿನಲ್ಲಿ ಹಾಳು ಮಾಡಿಕೊಂಡಿದ್ದೆ.

ಚರ್ಚಿನ ಪಂಗಡಕ್ಕೆ ಅಲ್ಲಿ ಸಭೆ ಎನ್ನುತ್ತಾರೆ. ಆ ಟೀಚರಿನ ತವರಿನ ಸಭೆ ಒಂದು, ಗಂಡನ ಸಭೆ ಇನ್ನೊಂದು. ಮದುವೆಯಾದ ಮೇಲೆ ಹೆಣ್ಣು ಗಂಡನ ಸಭೆಗೆ ಸೇರುವುದು ಅವರ ರೂಢಿ. ಮೂವತ್ತು ವರ್ಷದ ಹಿಂದೆ ಹಾಗೆ ಸೇರಿದವರು ಅವರು. ನಿಘಂಟು ಮುಚ್ಚುತ್ತ, ‘ಞಾನ್ ಮುರಿಞ್ಞದಲ್ಲ ಟೀಚರೇ, ಕೂಡೆ ಪೋಯದಾ’ ಎಂದು ನಕ್ಕರು. ನಾನು ತುಂಡಾದವಳಲ್ಲ, ಜೊತೆಗೆ ಹೋದವಳು ಎಂದು. ಬೇರೆ ಯಾವ ವರ್ಷವಾಗಿದ್ದರೂ ಇಂಥದೊಂದು ಸಿಕ್ಕರೆ ನಾನು ಕುಣಿದುಬಿಡುತ್ತಿದ್ದೆ, ಮನೆಗೆ ಓಡಿ ಇವರಿಗೆ ಹೇಳಿ ತಲೆ ತಿನ್ನುತ್ತಿದ್ದೆ. ಆ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಬಂದೆ, ಅಷ್ಟೆ. ಮರುದಿನ ಕ್ಲಾಸಿನಲ್ಲಿ ತಪ್ಪಾಯಿತೆಂದು ಹೇಳಿ ಸರಿಯಾದುದನ್ನು ಬರೆಸಿದೆ. ಅವರು ಅದನ್ನೂ ಬರೆದುಕೊಂಡರು.

ಮಾಘ ಬಂತು. ವರ್ಷದ ಶ್ರಾದ್ಧ. ನಮಗೆ ಗಂಡುಮಕ್ಕಳಿಲ್ಲದ್ದರಿಂದ ಮೈದುನನೇ ಕೊಚ್ಚಿಯಲ್ಲಿ ಮಾಡುವುದೆಂದು ಆಗಿತ್ತು. ಫೋನಿನಲ್ಲಿ, ‘ತಿಥಿ ಗೊತ್ತಲ್ಲ ಅತ್ತಿಗೆ, ಬಂದ್ಬಿಡಿ’ ಎಂದ. ಗೊತ್ತಿಲ್ಲದೆ ಏನು? ತವರಿನಿಂದ ಬರುವ ಪಂಚಾಂಗದಲ್ಲಿ ಏಕಾದಶಿಗೆ ಗುರುತು ಹಾಕಿದೆ. ಮಗಳಿಗೆ ಮಾರನೆಯ ದಿನದಿಂದ ಹತ್ತನೆಯ ತರಗತಿಯ ಮಾಡೆಲ್ ಪರೀಕ್ಷೆ. ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಒಂದೇ ದಿನ ರಜೆ ಹಾಕಿ, ಸಂಜೆಗೆ ವಾಪಸು ಟಿಕೆಟ್ಟನ್ನೂ ಇಟ್ಟುಕೊಂಡು ಬೆಳಗಿನ ರೈಲು ಹತ್ತಿದೆ. ಎಳ್ಳು, ಬಾಳೆಹಣ್ಣು, ಇವರ ಒಂದು ಫೋಟೋ ಚೀಲದಲ್ಲಿತ್ತು.

ಕಲೂರಿನ ಫ್ಲಾಟಿನ ಬಾಗಿಲು ತೆರೆದ ಓರಗಿತ್ತಿ ನನ್ನನ್ನು ನೋಡಿ, ‘ಅಯ್ಯೋ ಅಕ್ಕಾ, ಇವತ್ತೇ ಬಂದ್ರಾ? ನಾಳೆ ಅಲ್ವಾ?’ ಎಂದಳು. ಒಳಗೆ ಪುರೋಹಿತರಿಲ್ಲ, ಹೊಗೆಯಿಲ್ಲ. ಅಡುಗೆಮನೆ ತೊಳೆದು ಒಣಗಿತ್ತು, ಒಲೆ ತಣ್ಣಗಿತ್ತು. ಏಕಾದಶಿಯ ದಿನ ಮಾಧ್ವರು ಶ್ರಾದ್ಧ ಮಾಡುವುದಿಲ್ಲ, ಅದು ಮರುದಿನ ದ್ವಾದಶಿಗೆ ಹೋಗುತ್ತದೆ. ನನ್ನ ತವರಿನಲ್ಲಿ ಏಕಾದಶಿಯ ಶ್ರಾದ್ಧ ಏಕಾದಶಿಯಂದೇ. ಮಾವನವರ ತಿಥಿ ಬೇರೆಯಾದ್ದರಿಂದ ಹದಿನೆಂಟು ವರ್ಷದಲ್ಲಿ ಇದನ್ನು ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಕಟ್ಟಿಕೊಂಡ ಗಂಡನ ಶ್ರಾದ್ಧದ ದಿನ ಯಾವುದೆಂದು ತಿಳಿಯದೆ ಚೀಲ ಹಿಡಿದು ನಿಂತ ಹೆಂಡತಿ ನಾನು. ಭೂಮಿ ಬಾಯಿ ಬಿಡಬಾರದೇ ಎನ್ನಿಸಬೇಕಿತ್ತು. ಅದೂ ಅನ್ನಿಸಲಿಲ್ಲ.

‘ನಿಮಗೆ ಏನಾದ್ರೂ ಮಾಡಿಕೊಡ್ಲಾ ಅಕ್ಕಾ? ಮಗೂಗೆ ಅಂತ ರವೆ ಹುರಿದಿಟ್ಟಿದೀನಿ’ ಎಂದಳು ಓರಗಿತ್ತಿ ಪಾಪ.

‘ಬೇಡ. ನನಗೂ ಇವತ್ತು ಉಪವಾಸ’ ಎಂದೆ. ಹುಟ್ಟಿದಾಗಿನಿಂದ ಒಂದು ಏಕಾದಶಿ ಮಾಡಿದವಳಲ್ಲ. ಹಟ, ಬೇರೇನಲ್ಲ. ಹನ್ನೆರಡು ಗಂಟೆಗೆ ಹೊಟ್ಟೆ ಚುರುಗುಟ್ಟಿತು, ಎರಡಕ್ಕೆ ತಲೆ ಸಿಡಿಯಿತು. ಅತ್ತೆ ಬಾಲ್ಕನಿಯ ಪಕ್ಕ ಚಾಪೆ ಹಾಸಿಕೊಂಡು ಜಪ ಮಾಡುತ್ತಿದ್ದರು. ಒಂದು ಉದ್ಧರಣೆ ತೀರ್ಥ ಬಿಟ್ಟರೆ ಬೆಳಗಿನಿಂದ ಅವರ ಗಂಟಲಿಗೆ ಏನೂ ಇಳಿದಿರಲಿಲ್ಲ. ಒಂದು ವರ್ಷದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದರು. ನಾಳೆ ಇರಲು ಆಗುವುದಿಲ್ಲ, ಮಗಳಿಗೆ ಪರೀಕ್ಷೆ, ಸಂಜೆಯ ರೈಲಿಗೆ ಹೊರಡುತ್ತೇನೆ ಎಂದು ನಾನು ಓರಗಿತ್ತಿಗೆ ಹೇಳಿದ್ದು ಅವರಿಗೂ ಕೇಳಿಸಿತು. ಮಣಿ ತಿರುಗುತ್ತಲೇ ಇತ್ತು.

ಆ ಸಂಜೆಯ ರೈಲು ನಾನು ಹತ್ತಲಿಲ್ಲ. ಪಕ್ಕದ ಮನೆಗೆ ಫೋನ್ ಮಾಡಿ, ಇನ್ನೊಂದು ದಿನ ಮಗಳನ್ನು ನೋಡಿಕೊಳ್ಳಿ ಎಂದು ಕೇಳಿಕೊಂಡು, ಮರುದಿನದ ಶ್ರಾದ್ಧ ಮುಗಿಸಿಕೊಂಡೇ ಹೊರಟೆ. ಹಾಗೆ ಉಳಿಯುವಂತೆ ಮಾಡಿದ್ದು ಮೂರು ಗಂಟೆಗೆ ನಡೆದ ಒಂದು ಮಾತು.

ಓರಗಿತ್ತಿ ಮಗುವನ್ನು ಸ್ಕೂಲಿನಿಂದ ಕರೆತರಲು ಹೋದಳು. ಮೈದುನ ಕಾರ್ಖಾನೆಯಲ್ಲಿ. ನಾನು ಒಂದು ವರ್ಷದಿಂದ ತಪ್ಪಿಸಿಕೊಂಡು ಬಂದದ್ದು ಕೊನೆಗೂ ಎದುರಿಗೆ ಬಂದು ಕೂತಿತ್ತು. ಕೆಳಗೆ ಬಸ್‌ಸ್ಟ್ಯಾಂಡಿನ ಬಸ್ಸುಗಳು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವು. ಅತ್ತೆ ಜಪಮಣಿಯನ್ನು ಕಣ್ಣಿಗೊತ್ತಿ ಕೆಳಗಿಟ್ಟರು.

‘ಬಾ ಇಲ್ಲಿ. ಕೂತ್ಕೋ. ನಿನ್ನ ಹತ್ರ ಒಂದು ಕೇಳ್ಬೇಕು, ವರ್ಷ ಆಯ್ತು.’

‘ಕೇಳಿ ಅತ್ತೆ.’

‘ಅವತ್ತು ಬೆಳಿಗ್ಗೆ ಅವನು ಏನಾದ್ರೂ ತಿಂದಿದ್ನಾ?’

ರೈಲಿನಲ್ಲಿ ಐದು ಗಂಟೆ ಈ ಪ್ರಶ್ನೆಯನ್ನೇ ತಿರುವಿ ಹಾಕುತ್ತ ಬಂದಿದ್ದೆ. ಹದಿನೆಂಟು ವರ್ಷ ಇವರು ಹೇಳಿಕೊಂಡು ಬಂದ ಸುಳ್ಳು, ನಾನು ಬೈದುಕೊಂಡು ಬಂದ ಸುಳ್ಳು. ಹೇಳುವವರು ಹೋದಮೇಲೆ ಅದನ್ನು ಮುಂದಕ್ಕೆ ಒಯ್ಯುವವಳು ನಾನೊಬ್ಬಳೇ ಉಳಿದಿದ್ದೆ. ಅವರ ಹಿಂದೆ ಹೋಗುವುದೆಂದರೆ ಇಷ್ಟಾದರೂ ಮಾಡಬೇಕು ಎಂದು ಆಗಲೇ ತೀರ್ಮಾನಿಸಿದ್ದೆ. ಆ ತಾಯಿಗೆ ವೈಕುಂಠ ಉಳಿಯಲಿ.

‘ಇಲ್ಲ ಅತ್ತೆ. ಬರೀ ನೀರು ಕುಡಿದು ಹೋದ್ರು. ಉಪವಾಸ’ ಎಂದೆ. ಪರೀಕ್ಷಾ ಕೋಣೆಯಲ್ಲಿ ಸೂಚನೆ ಓದುವ ಧ್ವನಿಯಲ್ಲಿ ಹೇಳಿದೆ, ಒಂದು ಅಕ್ಷರ ನಡುಗಲಿಲ್ಲ.

ಕೈ ಮುಗಿಯುತ್ತಾರೆ, ದೇವರ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ಅವರ ತುಟಿ ಅದುರತೊಡಗಿತು.

‘ಹಾಗಾದ್ರೆ ಹಸ್ಕೊಂಡೇ ಹೋದ್ನಾ ನನ್ನ ಮಗ?’

ನನಗೆ ಅರ್ಥವಾಗಲಿಲ್ಲ.

‘ಅವನು ಸುಳ್ಳು ಹೇಳ್ತಾನೆ ಅಂತ ನಂಗೊತ್ತಿತ್ತು ಕಣೇ. ಬಾಯಲ್ಲಿ ತುತ್ತಿಟ್ಕೊಂಡು ಬರೀ ನೀರು ಅಂದ್ರೆ ಹೆತ್ತೋಳಿಗೆ ಗೊತ್ತಾಗಲ್ವಾ? ಫೋನ್ ಇಟ್ಟ ಮೇಲೆ ನಗ್ತಿದ್ದೆ. ನಾನಿಲ್ಲಿ ಉಪವಾಸ ಇದ್ರೇನು, ಅವನಲ್ಲಿ ತಿಂತಿದಾನಲ್ಲ ಅಂತ ಸಮಾಧಾನ. ಅವನು ಹೋದ ಮೇಲೆ ಬಂದೋರೆಲ್ಲ ಉಪವಾಸದಲ್ಲಿ ಹೋದ, ಉಪವಾಸದಲ್ಲಿ ಹೋದ ಅಂದ್ರು. ಕೇಳಿ ಕೇಳಿ ನಂಗೆ ಹೊಟ್ಟೇಲಿ ಸಂಕಟ. ಅವತ್ತೊಂದು ದಿನ ನಿಜವಾಗ್ಲೂ ಮಾಡ್ಬಿಟ್ನಾ? ಖಾಲಿ ಹೊಟ್ಟೇಲಿ ಹೋಗ್ಬಿಟ್ನಾ?’

‘ಅಯ್ಯೋ, ಇಲ್ಲ ಅತ್ತೆ! ತಿಂದಿದ್ರು. ನಾನೇ ಬಡಿಸಿದ್ದೆ!’

‘ಬೇಡಮ್ಮಾ. ನನ್ನ ಸಮಾಧಾನಕ್ಕೆ ಅಂತ ಹೇಳ್ಬೇಡ. ಈಗ ತಾನೇ ಇಲ್ಲ ಅಂದ್ಯಲ್ಲ.’

ಅವರು ಮುಖ ತಿರುಗಿಸಿ ಸೆರಗನ್ನು ಬಾಯಿಗೊತ್ತಿಕೊಂಡರು. ನನಗೆ ಎದೆ ಧಸಕ್ಕೆಂದಿತು. ಒಂದು ವರ್ಷದ ಮೇಲೆ ನನ್ನ ಎದೆಯಲ್ಲಿ ಏನಾದರೂ ಆದದ್ದು ಆಗಲೇ. ನಾನು ಹೇಳಿದ ಸುಳ್ಳನ್ನು ಅವರು ನಂಬಿದ್ದರು, ನಿಜವನ್ನು ನಂಬುತ್ತಿರಲಿಲ್ಲ. ಅವರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಸರಿದು ಕೂತೆ.

‘ಅತ್ತೆ, ಇಲ್ಲಿ ಕೇಳಿ. ಅವತ್ತು ಒತ್ತುಶ್ಯಾವಿಗೆ ಮಾಡಿದ್ದೆ. ನಮ್ಮ ಕಡೆಯದು, ಅಕ್ಕಿ ಹಿಟ್ಟು ಬೇಯಿಸಿ ಮಣೆಯಲ್ಲಿ ಒತ್ತೋದು. ಒತ್ತಲಿಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ. ಬನಿಯನ್ನಿನಲ್ಲಿ ಬಂದು ಅವರೇ ಒತ್ತಿಕೊಟ್ಟರು. ಇದಕ್ಕಿಂತ ರಾಕೆಟ್ ಹಾರಿಸೋದು ಸಲೀಸು ಅಂತ ನನ್ನನ್ನು ಬೈದರು.’

ಅತ್ತೆ ತಿರುಗಲಿಲ್ಲ. ಆದರೆ ಸೆರಗು ಬಾಯಿಂದ ಇಳಿಯಿತು. ‘ಅದಕ್ಕೆ ಏನು ಹಾಕ್ಕೊಂಡ?’

‘ಕಾಯಿಹಾಲು. ಬೆಲ್ಲದ್ದು.’

‘ಏಲಕ್ಕಿ ಹಾಕಿದ್ಯಾ? ಏಲಕ್ಕಿ ಇಲ್ದಿದ್ರೆ ಅವನು ಮುಟ್ಟಲ್ಲ.’

‘ಹಾಕಿದ್ದೆ ಅತ್ತೆ. ಬೆಲ್ಲ ಸಾಲದು ಅಂತ ಇನ್ನಷ್ಟು ಹಾಕಿಸಿಕೊಂಡರು.’

‘ಎಷ್ಟು ಸಲ ಹಾಕಿಸ್ಕೊಂಡ?’

‘ಮೂರು ಸಲ. ಹೊಟ್ಟೆ ಬಿರಿಯುತ್ತೆ, ಆಫೀಸಿನಲ್ಲಿ ನಿದ್ದೆ ಬರುತ್ತೆ ಅಂತ ಹೇಳಿಕೊಂಡೇ ತಿಂದರು.’

ಈಗ ಅವರು ನನ್ನ ಕಡೆ ತಿರುಗಿದ್ದರು. ಬೆಳಗಿನಿಂದ ನೀರು ಕಾಣದ ಬಾಯಿ, ತುಟಿ ಒಣಗಿ ಬಿಳಿಚಿತ್ತು. ‘ಆಮೇಲೆ?’ ಎಂದರು.

‘ಆಮೇಲೆ ಕೈ ತೊಳೆದುಕೊಂಡು ಬಂದು, ಎಲ್ಲ ಖಾಲಿ ಮಾಡಬೇಡ, ಸಂಜೆ ಬಂದು ತಿಂತೀನಿ, ಸ್ವಲ್ಪ ಎತ್ತಿಡು ಅಂದರು.’

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

‘ಎತ್ತಿಟ್ಟಿದ್ಯಾ?’

‘ಎತ್ತಿಟ್ಟಿದ್ದೆ ಅತ್ತೆ’ ಎಂದೆ. ಆ ಚಾಪೆಯ ಮೇಲೆ, ಅವರ ಎದುರಿಗೆ, ಗಂಟಲು ಕಟ್ಟಿಹೋಗುವವರೆಗೂ ಅತ್ತುಬಿಟ್ಟೆ.